ಮೌನದ ಮಠಕ್ಕೆ ಒಂಬತ್ತು ವರ್ಷಗಳ ಹೊಸ್ತಿಲು

ಕಮ್ಮನಹಳ್ಳಿ ಮುಖ್ಯರಸ್ತೆಯಿಂದ ಲಿಂಗರಾಜಪುರದವರೆಗಿನ ಬಡಾವಣೆಗಳಲ್ಲಿ ಕ್ರೈಸ್ತ ಸನ್ಯಾಸಿನಿಯರು ಅಪರೂಪದವರೇನಲ್ಲ. ಜನರ ಪಾಲಿಗೆ ಅವರು 'ಸಿಸ್ಟರ್': ಶಾಲೆಯ ಮುಖ್ಯೋಪಾಧ್ಯಾಯಿನಿ, ಆಸ್ಪತ್ರೆಯ ದಾದಿ, ಹಾಸ್ಟೆಲಿನ ಮೇಲ್ವಿಚಾರಕಿ. ಇಲ್ಲಿನ ಕ್ಯಾಥೊಲಿಕ್ ಮನೆಯೊಂದರ ಪದವೀಧರೆ ಮಗಳು ತಾನೂ ಸಿಸ್ಟರ್ ಆಗುತ್ತೇನೆಂದರೆ ಮನೆಯವರು ಕಣ್ಣೀರಿಟ್ಟರೂ ಅರ್ಥಮಾಡಿಕೊಂಡಾರು. ಆದರೆ ಅವಳು ಆರಿಸಿಕೊಂಡದ್ದು ಪಾಠವೂ ಇಲ್ಲದ, ಶುಶ್ರೂಷೆಯೂ ಇಲ್ಲದ, ಆವರಣದಿಂದ ಹೊರಗೇ ಬರದ ಧ್ಯಾನಮಠವಾದರೆ? 'ಅಲ್ಲಿ ಕೂತು ಏನು ಮಾಡ್ತೀಯಮ್ಮ?' ಎಂಬ ತಾಯಿಯ ಪ್ರಶ್ನೆ ಸಹಜವೇ.

ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಕಾರ್ಮೆಲ್ ಸನ್ಯಾಸಿನಿಯರಲ್ಲಿ ಎರಡು ಬಗೆಯವರಿದ್ದರು. ಮದರ್ ವೆರೋನಿಕಾ 1868ರಲ್ಲಿ ಸ್ಥಾಪಿಸಿದ್ದ ಅಪೋಸ್ತಲಿಕ್ ಕಾರ್ಮೆಲ್ ಸಭೆಯವರು ಶಾಲೆ ನಡೆಸಲು ಬಂದರು. ಮುಂದೆ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜು ಅವರ ಕೈಯಿಂದಲೇ ಬೆಳೆದವು. ಇನ್ನೊಂದು ಗುಂಪು ಬಂದದ್ದು ಗೋಡೆಯೊಳಗೆ ಪ್ರಾರ್ಥಿಸುತ್ತ ಬದುಕಲು. ಆ ಪ್ರಯಾಣದಲ್ಲಿ ಮೂವರು ಮಂಗಳೂರನ್ನು ಕಾಣುವ ಮುನ್ನವೇ ತೀರಿಕೊಂಡರು. ಕಾಲೇಜುಗಳ ಹೆಸರನ್ನು ನಾಡೆಲ್ಲ ಬಲ್ಲದು. ಮೌನದ ಮಠದ ಹೆಸರು ಕ್ಯಾಥೊಲಿಕರ ಆಚೆಗೆ ಎಷ್ಟು ಜನರಿಗೆ ಗೊತ್ತು?

ಹಾಗೆ ಬಂದವರಲ್ಲಿ ಪ್ಯಾಲೆಸ್ತೀನಿನ ಇಬಿಲ್ಲಿನ್ ಗ್ರಾಮದ ಮರಿಯಂ ಬವಾರ್ದಿಯೂ ಒಬ್ಬಳು. 1846ರಲ್ಲಿ ಜನಿಸಿದ, ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡ, ಅಕ್ಷರಜ್ಞಾನ ಅಷ್ಟಕ್ಕಷ್ಟೇ ಇದ್ದ ಹುಡುಗಿ. ಅವಳಿಗಾಗುತ್ತಿದ್ದ ಅಸಾಮಾನ್ಯ ಅನುಭಾವಗಳ ಕಾರಣಕ್ಕೆ ಮಾರ್ಸೇಯ್ ನಗರದ ಸನ್ಯಾಸಿನೀ ಸಭೆಯೊಂದು ಆಕೆಯನ್ನು ಮೊದಲೇ ನಿರಾಕರಿಸಿತ್ತು. ಮಂಗಳೂರಿನಲ್ಲಿ ಅಡುಗೆಮನೆಯ ಕೆಲಸ ಮಾಡಿಕೊಂಡಿದ್ದು 1871ರ ನವೆಂಬರ್ 21ರಂದು ವ್ರತ ಸ್ವೀಕರಿಸಿದಳು. ಆದರೆ ಆ ಅನುಭಾವಗಳು ನಿಜವೇ ಎಂಬ ಸಂಶಯ ಇಲ್ಲಿಯೂ ಹಿರಿಯರನ್ನು ಕಾಡಿತು. 1872ರಲ್ಲಿ ಆಕೆಯನ್ನು ಫ್ರಾನ್ಸಿನ ಪೋ ಪಟ್ಟಣದ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. 1878ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡ ಅದೇ ಮರಿಯಂಳನ್ನು 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದರು. ಮಠದ ತೀರ್ಪು ತಪ್ಪಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಒಬ್ಬಳ ಕರೆ ನಿಜವೋ ಭ್ರಮೆಯೋ ಎಂದು ತೀರ್ಮಾನಿಸುವುದು ಹೇಗೆ? ಇದಕ್ಕೆ ಚರ್ಚ್ ಈಗ ಕೊಟ್ಟಿರುವ ಉತ್ತರ ಕಾಲಾವಕಾಶ. 2016ರ ಪೋಪ್ ಆದೇಶ ಮತ್ತು ಅದನ್ನು ಜಾರಿಗೊಳಿಸಿದ 2018ರ ನಿಯಮಾವಳಿಯ ಪ್ರಕಾರ ಧ್ಯಾನಮಠ ಸೇರುವವರ ತರಬೇತಿ ಒಂಬತ್ತು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ, ಹನ್ನೆರಡನ್ನು ಮೀರುವಂತಿಲ್ಲ. ಮಠವನ್ನು ಪರಿಚಯಿಸಿಕೊಳ್ಳಲು ಒಂದು ವರ್ಷ, ಪ್ರವೇಶಾರ್ಥಿಯಾಗಿ ಒಂದು ವರ್ಷ, ನವಶಿಷ್ಯೆಯಾಗಿ ಎರಡು ವರ್ಷ, ತಾತ್ಕಾಲಿಕ ವ್ರತದಲ್ಲಿ ಐದು ವರ್ಷ. ಇಪ್ಪತ್ತೆರಡರಲ್ಲಿ ಮನೆ ಬಿಟ್ಟವಳು ಶಾಶ್ವತ ವ್ರತ ತೊಡುವ ಹೊತ್ತಿಗೆ ಮೂವತ್ತೊಂದು. ಐಟಿ ಕಂಪನಿಯಲ್ಲಿ ಅವಳ ಗೆಳತಿ ಅಷ್ಟರಲ್ಲಿ ನಾಲ್ಕು ಕೆಲಸ ಬದಲಿಸಿರುತ್ತಾಳೆ.

ಇದೇ 2016ರ ಆದೇಶದಲ್ಲಿ ಭಾರತಕ್ಕೆ ನೇರವಾಗಿ ತಟ್ಟುವ ಇನ್ನೊಂದು ಮಾತಿದೆ. ಮಠ ಮುಚ್ಚದಂತೆ ಉಳಿಸಿಕೊಳ್ಳುವ ಒಂದೇ ಉದ್ದೇಶಕ್ಕೆ ಬೇರೆ ದೇಶಗಳಿಂದ ಯುವತಿಯರನ್ನು ಕರೆತರುವುದು ಸಲ್ಲದು ಎಂಬುದು. ವ್ಯಾಟಿಕನ್ ಅಂಕಿಅಂಶಗಳ ಪ್ರಕಾರ 2023ರಲ್ಲಿ ಜಗತ್ತಿನ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಖ್ಯೆ ಸುಮಾರು 5.89 ಲಕ್ಷಕ್ಕೆ ಇಳಿದಿತ್ತು. ಯೂರೋಪಿನ ಮಠಗಳು ಬರಿದಾಗುತ್ತಿರುವಾಗ ಕಣ್ಣು ಏಷ್ಯಾ, ಆಫ್ರಿಕಾಗಳ ಕಡೆ ಹೊರಳುವುದು ಸುಲಭ. ಆ ದಾರಿಗೆ ಅಡ್ಡಗಟ್ಟಿದ್ದು ಸರಿಯಾದ ಕ್ರಮ.

ಆದರೆ ದೀರ್ಘ ತರಬೇತಿಗೆ ಇನ್ನೊಂದು ಮುಖವಿದೆ. ಅದು ಹಣದ್ದು, ಮತ್ತು ಅದರ ಬಗ್ಗೆ ಮಾತು ಕಡಿಮೆ. ಬೋಧಕ ಸನ್ಯಾಸಿನಿಯರಿಗೆ ಸಂಬಳವೆಂಬುದೊಂದು ಇದೆ. ವ್ರತ ತೊಟ್ಟವರು ಲೌಕಿಕಕ್ಕೆ ಸತ್ತಂತೆ, ಸಂಬಳ ಸಭೆಗೆ ಸೇರುತ್ತದೆ, ತೆರಿಗೆ ಕಡಿತ ಬೇಡ ಎಂಬ ವಾದ ನ್ಯಾಯಾಲಯಗಳಲ್ಲಿ ನಿಲ್ಲಲಿಲ್ಲ. ಅನುದಾನಿತ ಶಾಲೆಗಳ ಸನ್ಯಾಸಿನಿಯರ ಸಂಬಳದಲ್ಲೂ ತೆರಿಗೆ ಕಡಿತವಾಗಬೇಕೆಂಬ ನಿಲುವನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸೋತದ್ದು ಸಭೆಗಳೇ ಆದರೂ, ಪರೋಕ್ಷವಾಗಿ ಆ ತೀರ್ಪು ಸನ್ಯಾಸಿನಿಯನ್ನು ದುಡಿಯುವ ನಾಗರಿಕಳೆಂದು ಗುರುತಿಸಿತು. ಧ್ಯಾನಮಠದವರಿಗೆ ಈ ಗುರುತೂ ಇಲ್ಲ. ಪರಮಪ್ರಸಾದದ ರೊಟ್ಟಿ, ಮೇಣದಬತ್ತಿ ತಯಾರಿಕೆ, ಹೊಲಿಗೆ, ಭಕ್ತರ ಕಾಣಿಕೆ: ಇಂಥ ಮಠಗಳ ಜೀವನ ಸಾಗುವುದು ಸಾಮಾನ್ಯವಾಗಿ ಇವುಗಳಿಂದ. ವೈಯಕ್ತಿಕ ವೇತನ, ಭವಿಷ್ಯನಿಧಿಗಳ ಮಾತೇ ಬರುವುದಿಲ್ಲ.

ಎಂಟು ವರ್ಷ ಕಳೆದ ಮೇಲೆ ಇದು ನನ್ನ ದಾರಿಯಲ್ಲ ಎಂದು ಅನ್ನಿಸಿದವಳ ಗತಿಯೇನು? ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಹೊರಡಲು ಅವಳು ಸ್ವತಂತ್ರಳು. ಬಲವಂತ, ಭಯ ಅಥವಾ ಮೋಸದಿಂದ ಸೇರಿದ್ದರೆ ಆ ಸೇರ್ಪಡೆಯೇ ಅಸಿಂಧು. ಇಷ್ಟು ರಕ್ಷಣೆ ಚರ್ಚ್ ಕಾನೂನಿನಲ್ಲಿದೆ. ಆದರೆ ಅದೇ ಕಾನೂನಿನ 702ನೇ ವಿಧಿಯಂತೆ, ಮಠದಲ್ಲಿ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಅವಳು ಏನನ್ನೂ ಕೇಳುವಂತಿಲ್ಲ. ಮಠವು ಅವಳ ವಿಷಯದಲ್ಲಿ ನ್ಯಾಯವನ್ನೂ ಕರುಣೆಯನ್ನೂ ತೋರಬೇಕು ಎಂದಷ್ಟೇ ಆ ವಿಧಿ ಹೇಳುತ್ತದೆ. ಎಷ್ಟು, ಯಾವ ರೂಪದಲ್ಲಿ ಎಂಬುದನ್ನು ಹೇಳುವುದಿಲ್ಲ. ಮೂವತ್ತರ ಅಂಚಿನಲ್ಲಿ, ಎಂಟು ವರ್ಷ ಖಾಲಿ ಇರುವ ಬಯೋಡೇಟಾ ಹಿಡಿದು ಕಮ್ಮನಹಳ್ಳಿಗೆ ಹಿಂದಿರುಗುವವಳಿಗೆ ಕೆಲಸ, ಬಾಡಿಗೆ, ವೈದ್ಯಕೀಯ ವೆಚ್ಚ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ.

ಹೀಗಾಗಿ, ಮಗಳನ್ನು ಮಠಕ್ಕೆ ಒಪ್ಪಿಸುವ ಮುನ್ನ ಮನೆಯವರು ಕೇಳಬೇಕಾದದ್ದು ಅಲ್ಲಿ ಏನು ಮಾಡುತ್ತಾಳೆ ಎಂಬುದನ್ನು ಮಾತ್ರವಲ್ಲ. ಹಿಂದಿರುಗಿದರೆ ಅವಳಿಗೆ ಏನು ಕೊಟ್ಟು ಕಳುಹಿಸುತ್ತೀರಿ ಎಂಬುದನ್ನೂ ಮೊದಲ ಭೇಟಿಯಲ್ಲೇ ಕೇಳಬೇಕು. ಉತ್ತರವನ್ನು ಲಿಖಿತವಾಗಿ ಕೊಡಲು ಮಠಕ್ಕೆ ಯಾವ ನಿಯಮವೂ ಅಡ್ಡಿಯಾಗದು.