ಬೆನ್ನಿನ ಹೊರೆ, ಬೆಟ್ಟದ ಹೊರೆ

ಗುಡಾರವೆಂದರೆ ಒಂದು ಕಾಲಕ್ಕೆ ದಂಡಿಗೂ ಅಧಿಕಾರಿಗಳ ಸವಾರಿಗೂ ಸಲ್ಲುವ ವಸ್ತುವಾಗಿತ್ತು. ಅದನ್ನು ಸಾಗಿಸಲು ಗಾಡಿ ಬೇಕು, ಹೊಡೆಯಲು ಆಳು ಬೇಕು. ಇಂದು ಎರಡು ಕಿಲೋ ತೂಗುವ ಗುಡಾರವನ್ನು ಬೆನ್ನ ಚೀಲದಲ್ಲಿ ಮಡಿಸಿಟ್ಟುಕೊಂಡು ನಗರದ ತರುಣರು ವಾರದ ಕೊನೆಗೆ ಮಲೆನಾಡಿನ ಬಸ್ಸು ಹತ್ತುತ್ತಾರೆ. ದಣಿದ ಮನಸ್ಸು ಹುಡುಕಿಕೊಂಡ ಈ ವಿಶ್ರಾಂತಿಯನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಈ ಹಗುರತನಕ್ಕೂ ಒಂದು ಇತಿಹಾಸವಿದೆ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ಲಂಡನ್ನಿನ ದರ್ಜಿ ಸೈಕಲ್ಲಿನ ಮೇಲೆ ಒಯ್ಯಬಲ್ಲ ಗುಡಾರವನ್ನು ರೂಪಿಸಿ, 1901ರಲ್ಲಿ ಅದೇ ಹವ್ಯಾಸದವರ ಸಂಘವೊಂದನ್ನು ಕಟ್ಟಿದನು. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ತಾನೇ ಹೊಲಿದ ಚೀಲವನ್ನು ಹೆಗಲಿಗೇರಿಸಿ, ಗುಡಾರದ ಹಂಗಿಲ್ಲದೆ, ಎರಡು ಸಾವಿರ ಮೈಲಿಗೂ ಮಿಗಿಲಾದ ಅಪಲೇಚಿಯನ್ ಹಾದಿಯನ್ನು ಒಬ್ಬಳೇ ನಡೆದು ಮುಗಿಸಿದಳು.

ಆದರೆ ಹಗುರವಾಗಿ ಹೋಗುವುದೆಂದರೆ ಕಷ್ಟಪಡುವುದೆಂದಲ್ಲ. ಮೊದಲ ಸಲ ನಾನು ಎರಡು ದಪ್ಪ ಕಂಬಳಿಗಳನ್ನು ಹೊತ್ತೊಯ್ದು, ಎರಡನ್ನೂ ಹೊದ್ದು, ಬರಿನೆಲದ ಮೇಲೆ ಮಲಗಿ ರಾತ್ರಿಯೆಲ್ಲ ನಡುಗಿದೆ. ಮೈಯ ಶಾಖವನ್ನು ನೆಲ ಹೀರುತ್ತದೆಂಬುದು ಆಗ ತಿಳಿದಿರಲಿಲ್ಲ. ಮರುಸಲ ಒಂದು ಕಂಬಳಿಯನ್ನು ಮನೆಯಲ್ಲೇ ಬಿಟ್ಟು, ಅದರ ಬದಲು ಹಗುರವಾದ ಮೆತ್ತನೆಯ ಹಾಸನ್ನು ಒಯ್ದೆ. ರಾತ್ರಿಯ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆಂದು ಅರಿತು, ಕೊಂಚ ಎತ್ತರದಲ್ಲಿ ಬಿಡಾರ ಹೂಡಿದೆ. ಬೆಳಗಿನವರೆಗೆ ಸುಖನಿದ್ರೆ. ಸುಖವಿರುವುದು ಸಾಮಾನಿನಲ್ಲಲ್ಲ, ತಿಳಿವಳಿಕೆಯಲ್ಲಿ ಎಂದು ಅಂದು ಮನಗಂಡೆ.

ಹೊರೆ ಹಗುರಾದಷ್ಟೂ ಹೋಗುವವರು ಹೆಚ್ಚುತ್ತಾರೆ. ಈಗಿನ ಸಮಸ್ಯೆ ಹುಟ್ಟುವುದು ಇಲ್ಲಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿ ಜಾತ್ರೆಯ ಬೀದಿಯಂತೆ ಕಿಕ್ಕಿರಿದುದನ್ನು ನಾಡೇ ಕಂಡಿತು. ಮುಂಗಡ ನೋಂದಣಿಯ ಏರ್ಪಾಡಿಲ್ಲದ ಕಡೆಗಳಲ್ಲಿ ಸರ್ಕಾರ ಚಾರಣವನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣವನ್ನು ತೆರೆದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರೆಂಬ ಮಿತಿಯನ್ನು ವಿಧಿಸಿತು.

ಬೆಟ್ಟಕ್ಕೂ ಚೀಟಿಯೇ ಎಂದು ಗೊಣಗುವವರುಂಟು. ಅವರ ಅಸಮಾಧಾನ ನನಗೆ ಅರ್ಥವಾಗದೆ ಇಲ್ಲ. ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳಲೆಂದೇ ಅಲ್ಲವೆ ನಾವು ಕಾಡಿಗೆ ಹೋಗುವುದು? ಆದರೆ ನಾವು ಅರಸಿ ಹೋಗುವ ಮೌನವು ಸಾವಿರ ಜನ ಒಟ್ಟಿಗೆ ಅರಸಿದರೆ ಯಾರ ಪಾಲಿಗೂ ಉಳಿಯುವುದಿಲ್ಲ. ಮಿತಿಯು ವಿಶ್ರಾಂತಿಯ ಶತ್ರುವಲ್ಲ, ಅದರ ಬೇಲಿ.

ಆದರೂ ಕಾನೂನು ತಲೆಗಳನ್ನು ಎಣಿಸೀತು. ಪೊದೆಯ ಮರೆಯಲ್ಲಿ ಎಸೆದ ಪ್ಲಾಸ್ಟಿಕ್ ಶೀಸೆಗಳನ್ನು ಎಣಿಸಲಾರದು. ಆ ಲೆಕ್ಕವನ್ನು ಹೋದವರೇ ಇಡಬೇಕು. ನಮ್ಮ ಬೆನ್ನಿನಿಂದ ಇಳಿದ ಹೊರೆ ಬೆಟ್ಟದ ಮೈಗೆ ಏರಿದರೆ, ಹಗುರಾದವರು ಯಾರು? ತುಂಬಿದ ಪೊಟ್ಟಣವನ್ನು ಹೊತ್ತು ಏರಿದ ಹೆಗಲಿಗೆ, ಇಳಿಯುವಾಗ ಬರಿದಾದ ಪೊಟ್ಟಣ ಭಾರವಾದೀತೆ?