ಕಣ್ಣಿನ ನರಕ್ಕೆ ಪೆಟ್ಟಾದಾಗ ಚಂದಾ ಎತ್ತುವ ಮೊದಲು

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹೋದ ತಿಂಗಳು ಒಂದು ಮನವಿ ಬಂತು. ಹಿಂಜವಡಿಯಲ್ಲಿ ಕೆಲಸ ಮಾಡುವ ಕಲಬುರಗಿ ಕಡೆಯ ಹುಡುಗ ಬೈಕಿನಿಂದ ಬಿದ್ದಿದ್ದಾನೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಅಷ್ಟೇ, ಆದರೆ ಆ ಬದಿಯ ಕಣ್ಣು ಕಾಣುತ್ತಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ನರ ಮತ್ತೆ ಬೆಳೆಯುತ್ತದೆಂದು ಖಾಸಗಿ ಕ್ಲಿನಿಕ್ಕೊಂದು ಲಕ್ಷಗಟ್ಟಲೆ ಕೇಳಿದೆ. ಹಣ ಕೊಡಬೇಡಿ ಎಂದು ನಾನು ಬರೆದೆ. ಕೆಲವರಿಗೆ ಸಿಟ್ಟು ಬಂತು. ಕಾರಣವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಣೆಗೆ ಬಿದ್ದ ಹೊಡೆತ ಮೂಳೆಯಲ್ಲಿ ಸಾಗಿ, ಕಣ್ಣಿನ ನರ ಮಿದುಳಿನತ್ತ ಹೋಗುವ ಇಕ್ಕಟ್ಟಾದ ಮೂಳೆಯ ಕಾಲುವೆಯಲ್ಲಿ ಅದನ್ನು ಜಜ್ಜುತ್ತದೆ. ಕಣ್ಣುಗುಡ್ಡೆಗೆ ಗಾಯವೇ ಇರುವುದಿಲ್ಲ. ಆ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ, ಒಂದೊಂದೂ ರೆಟಿನಾದ ಒಂದು ಗ್ಯಾಂಗ್ಲಿಯಾನ್ ಕೋಶದ ಬಾಲ. ಬಾಲ ತುಂಡಾದ ಕೋಶ ಆ ಕ್ಷಣಕ್ಕೆ ಸಾಯುವುದಿಲ್ಲ. ಸಂಪರ್ಕ ಕಡಿದ ಸರ್ವರ್ ತನ್ನನ್ನೇ ಬಂದ್ ಮಾಡಿಕೊಂಡ ಹಾಗೆ, ದಿನ-ವಾರಗಳಲ್ಲಿ ತನ್ನೊಳಗಿನ ಆದೇಶದಂತೆ ಸಾಯುತ್ತದೆ. ಈ ನಡುವಿನ ಬಿಡುವಿನಲ್ಲಿ ಕೋಶವನ್ನು ಉಳಿಸಬಹುದೇ ಎಂಬುದೇ ವಿಜ್ಞಾನಿಗಳ ಹುಡುಕಾಟ. 2008ರಲ್ಲಿ ಬೋಸ್ಟನ್ನಿನ ತಂಡವೊಂದು ಇಲಿಗಳಲ್ಲಿ ಪಿಟೆನ್ ಎಂಬ ಜೀನ್ ತೆಗೆದುಹಾಕಿದಾಗ ಹೆಚ್ಚು ಕೋಶಗಳು ಉಳಿದವು, ಎಳೆಗಳೂ ಮತ್ತೆ ಬೆಳೆದವು. 2013ರಲ್ಲಿ ಡಿಎಲ್‌ಕೆ ಎಂಬ ಕಿಣ್ವವನ್ನು ತಡೆದಾಗಲೂ ಕೋಶಗಳು ಬದುಕಿದವು. ಆದರೆ ಅವೆಲ್ಲ ಇಲಿಗಳು.

ಮನುಷ್ಯರ ಕಥೆ ಬೇರೆ. 1999ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸ್ಟಿರಾಯ್ಡ್ ಕೊಟ್ಟದ್ದರಿಂದಾಗಲಿ, ಆಪರೇಷನ್ ಮಾಡಿದ್ದರಿಂದಾಗಲಿ ಸ್ಪಷ್ಟ ಲಾಭ ಕಾಣಲಿಲ್ಲ. ಏನೂ ಮಾಡದೆ ಬಿಟ್ಟವರಲ್ಲೂ ಹಲವರ ದೃಷ್ಟಿ ತಾನಾಗಿ ಸುಧಾರಿಸಿತ್ತು. ಕ್ಲಿನಿಕ್ಕುಗಳ 'ಯಶಸ್ಸಿನ ವಿಡಿಯೊ'ಗಳ ಗುಟ್ಟು ಇಲ್ಲೇ ಇರಬಹುದೆಂದು ನನ್ನ ಅನುಮಾನ. ಇನ್ನು 2004ರಲ್ಲಿ, ತಲೆಗೆ ಪೆಟ್ಟಾದ 10,008 ಜನರ ಪರೀಕ್ಷೆಯಲ್ಲಿ ಭಾರೀ ಪ್ರಮಾಣದ ಸ್ಟಿರಾಯ್ಡ್ ಪಡೆದವರೇ ಹೆಚ್ಚು ಸತ್ತರು. ಏನಾದರೊಂದು ಕೊಡಿ ಡಾಕ್ಟ್ರೇ ಎಂದು ಪೀಡಿಸುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ, ಅದಕ್ಕೆ ರೋಗಿಯಿಂದ ದುಡ್ಡು ವಸೂಲಿ ಮಾಡುವಂತಿಲ್ಲ. ಕ್ಲಿನಿಕ್ ಪ್ರಯೋಗ ಎಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ.

ಊರಿನ ಮನೆಯವರು ಬರುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಆಸ್ಪತ್ರೆಯಲ್ಲಿ ಜೊತೆಗಿರುವವರು ರೂಮ್‌ಮೇಟ್‌ಗಳಾದ ನಾವೇ. ಪ್ರಜ್ಞೆ ಇಲ್ಲದವನು ಕಣ್ಣು ಕಾಣುತ್ತಿಲ್ಲ ಎಂದು ಹೇಳಲಾರ. ಹುಬ್ಬಿಗೆ, ಹಣೆಗೆ ಪೆಟ್ಟಾಗಿದ್ದರೆ ಟಾರ್ಚ್ ಹಿಡಿದು ಎರಡೂ ಕಣ್ಣಿನ ಪಾಪೆ ನೋಡಿದಿರಾ ಎಂದು ಡ್ಯೂಟಿ ಡಾಕ್ಟರನ್ನು ಅವತ್ತೇ ಕೇಳಿ, ಕಣ್ಣಿನ ತಜ್ಞರನ್ನು ಕರೆಸಿ.