ಹಳೆಯ ಹೆದರಿಕೆಗೂ ಮದ್ದುಂಟು

ಮಕ್ಕಳೇ, ಕಾಲು ಮುರಿದರೆ ವೈದ್ಯರ ಬಳಿ ಓಡುತ್ತೇವೆ. ಮನಸ್ಸಿಗೆ ಪೆಟ್ಟಾದರೆ ಮಾತ್ರ ‘ಮರೆತುಬಿಡು’ ಅನ್ನುತ್ತೇವೆ. ಎಲ್ಲ ಪೆಟ್ಟೂ ಹಾಗೆ ಮರೆತುಹೋಗುವುದಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ಸಂಜೆ, ಶಟರ್ ಎಳೆಯುವ ಹೊತ್ತಿಗೆ ದರೋಡೆಕೋರರು ನುಗ್ಗಿ ನನ್ನ ಕುತ್ತಿಗೆಗೆ ಚಾಕು ಹಿಡಿದರು. ಹಣ ಹೋಯಿತು, ಜೀವ ಉಳಿಯಿತು. ಆದರೆ ನಿವೃತ್ತನಾದ ಮೇಲೂ ಎಲ್ಲಾದರೂ ಶಟರ್ ಸದ್ದಾದರೆ ಮೈ ಬೆವರುತ್ತಿತ್ತು. ಮೊಮ್ಮಗಳು ಹಿಂದಿನಿಂದ ಬಂದು ಕುತ್ತಿಗೆ ತಬ್ಬಿದರೂ ಬೆಚ್ಚಿಬೀಳುತ್ತಿದ್ದೆ.

ಅವಳಿಗಾಗಿಯೇ ಆಪ್ತಸಮಾಲೋಚಕರ ಬಳಿ ಹೋದೆ. ಅವರು ಬುದ್ಧಿ ಹೇಳಲಿಲ್ಲ, ಕೇಳಿಸಿಕೊಂಡರು. ನಿಧಾನವಾಗಿ ಉಸಿರಾಡುವುದನ್ನು ಕಲಿಸಿದರು. ಆಮೇಲೆ ಶಟರ್ ಸದ್ದನ್ನು ಮೊದಲು ದೂರದಿಂದ, ವಾರ ಕಳೆದಂತೆ ಹತ್ತಿರದಿಂದ ಕೇಳುವ ಅಭ್ಯಾಸ ಮಾಡಿಸಿದರು. ಅಪಾಯ ಮುಗಿದಿದೆ ಎಂದು ಮೈಗೂ ಹೀಗೆ ಕಲಿಸಬೇಕಂತೆ. ನೆನಪು ಅಳಿದಿಲ್ಲ, ಬೆವರು ನಿಂತಿದೆ.

ನಿಮಗೂ ಹೇಳಲಾಗದ ನೋವಿದ್ದರೆ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆಂದೇ 1098 ಇದೆ. ಹಿರಿಯರೇ, ಮಗು ಏನೋ ಹೇಳಲು ಬಂದಾಗ ಟಿವಿ ಆಫ್ ಮಾಡಿ, ಪೂರ್ತಿ ಕೇಳಿ.